ಕೋಲಾರದ ಚಿನ್ನದ ಹಳೆಯ ವರದಿಗಳು: ಯಾವುದಕ್ಕೆ ದುಡ್ಡು, ಯಾವುದಕ್ಕೆ ಬರಿಯ ಕಣ್ಣು

ಹಳೆಯ ವರದಿಯೊಂದನ್ನು ಓದಿ ತಲೆ ಕೆಡಿಸಿಕೊಂಡವರಲ್ಲಿ ನಮ್ಮ ಜಿಲ್ಲೆಯ ಮಟ್ಟಿಗೆ ಮೊದಲಿಗ ಮೈಕೇಲ್ ಲವೆಲ್. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಈ ಐರಿಷ್ ಸೈನಿಕ ಲೆಫ್ಟಿನೆಂಟ್ ಜಾನ್ ವಾರೆನ್ ಬರೆದಿಟ್ಟ ವರದಿಯನ್ನು 1871ರಲ್ಲಿ ಓದಿದ. ವಾರೆನ್ ಇತ್ತ ಬಂದದ್ದು 1802ರಲ್ಲಿ, ಮೈಸೂರಿನ ಪೂರ್ವದ ಗಡಿ ಅಳೆಯಲು. ಉರಿಗಾಂ, ಮಾರಿಕುಪ್ಪಂ ಕಡೆ ಮಣ್ಣಿನಲ್ಲಿ ಚಿನ್ನವಿದೆ ಎಂಬ ಮಾತು ಕಿವಿಗೆ ಬಿದ್ದು, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿಸಿದ. ಊರವರು ಗಾಡಿಗಳಲ್ಲಿ ಮಣ್ಣು ತಂದು ಅವನ ಎದುರಿಗೇ ತೊಳೆದು ತೋರಿಸಿದರು. ಸುಮಾರು ಎಪ್ಪತ್ತು ವರ್ಷ ಹಳತಾದ ಆ ಬರಹವನ್ನು ನಂಬಿ ಲವೆಲ್ ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ. 1875ರಲ್ಲಿ ಪರವಾನಗಿ ಕೈಗೆ ಬಂತು. 2001ರ ಫೆಬ್ರವರಿ 28ರಂದು ಗಣಿಗೆ ಬಾಗಿಲು ಬೀಳುವ ತನಕ ಆ ನೆಲ ಸುಮಾರು 800 ಟನ್ ಚಿನ್ನ ಕೊಟ್ಟಿತು.

ನನಗೆ ಚಿನ್ನ ಬೇಕಿಲ್ಲ, ವರದಿಗಳು ಸಾಕು. ಬಂಗಾರಪೇಟೆಯಲ್ಲಿ ಭೂಗೋಳ ಪಾಠ ಹೇಳಿಕೊಂಡಿದ್ದವನಿಗೆ ಹಳೆಯ ಗಣಿ, ಭೂವಿಜ್ಞಾನದ ವರದಿಗಳನ್ನು ಕೂಡಿಡುವ ಈ ಹುಚ್ಚು ಹತ್ತಿ ಇಪ್ಪತ್ತು ವರ್ಷವಾಗುತ್ತ ಬಂತು. ಈಚೆಗೆ ಕೋಲಾರ, ಮುಳಬಾಗಿಲು, ಶಿರಾ ಕಡೆಯ ಕೆಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಎಲ್ಲಿಂದ ಶುರು ಮಾಡುವುದು, ಯಾವುದನ್ನು ಕೊಳ್ಳುವುದು? ಕೇಳುವವರ ಕೈಯಲ್ಲಿರುವ ದುಡ್ಡು ಒಂದೊಂದು ತೆರ, ಆಸೆ ಒಂದೊಂದು ತೆರ. ಹಾಗಾಗಿ ಎದುರಿಗೆ ಬರುವ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ವರದಿಯ ಮಾತನ್ನು ಪರದೆಯ ಮೇಲೂ ಓದಬಹುದು, ನಕ್ಷೆಯನ್ನು ಮಾತ್ರ ಕಾಗದದಲ್ಲೇ ನೋಡಬೇಕು. ದುಡ್ಡು ಹಾಕುವುದಿದ್ದರೆ ನಕ್ಷೆಗೆ ಹಾಕಿ.

ಕಲ್ಕತ್ತದ ಸಂಪುಟವೋ, ಮೈಸೂರಿನದೋ

ಮೊದಲು ಎದುರಾಗುವ ಆಯ್ಕೆ ಇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1851ರಲ್ಲಿ ಕಲ್ಕತ್ತದಲ್ಲಿ ಶುರುವಾಯಿತು. ಅದರ ಪ್ರಕಟಣೆಗಳಲ್ಲಿ ಸಂಗ್ರಹಕಾರರು ಹುಡುಕುವುದು ಎರಡು ಸರಣಿಗಳನ್ನು. ಒಂದು ಮೆಮಾಯರ್ಸ್, ಅಂದರೆ ಒಂದು ಪ್ರದೇಶವನ್ನೋ ವಿಷಯವನ್ನೋ ಹಿಡಿದು ಬರೆದ ದೊಡ್ಡ ಗ್ರಂಥಗಳು. ಇನ್ನೊಂದು 1868ರಲ್ಲಿ ಶುರುವಾದ ರೆಕಾರ್ಡ್ಸ್, ಕಂತುಗಳಲ್ಲಿ ಹೊರಬರುತ್ತಿದ್ದ ಚಿಕ್ಕ ಲೇಖನಗಳ ಸರಣಿ. ಚಿನ್ನದ ವಿಷಯಕ್ಕೆ ಬಂದರೆ ಮೆಮಾಯರ್ಸ್‌ನ 33ನೆಯ ಸಂಪುಟದಲ್ಲಿ 1901ರಲ್ಲಿ ಬಂದ ಎಫ್. ಎಚ್. ಹ್ಯಾಚ್ ಅವರ ಕೋಲಾರ ಗಣಿಯ ವಿವರಣೆಯೇ ಎಲ್ಲರ ಬಾಯಲ್ಲಿರುವ ಹೆಸರು. ಕಲ್ಲು ಹೇಗೆ ಹುಟ್ಟಿತು ಎನ್ನುವುದಕ್ಕಿಂತ ಅದನ್ನು ಹೇಗೆ ಅಗೆದರು, ಹೇಗೆ ಕುಟ್ಟಿದರು, ಚಿನ್ನವನ್ನು ಹೇಗೆ ಬಿಡಿಸಿದರು ಎನ್ನುವುದರ ಕಡೆಗೇ ಅದರ ಒಲವು. ಶಿವನಸಮುದ್ರದ ವಿದ್ಯುತ್ತು ಗಣಿಗೆ ಬಂದದ್ದು 1902ರಲ್ಲಿ. ಅದರ ಹಿಂದಿನ ವರ್ಷವೇ ಅಚ್ಚಾದ ಈ ಪುಸ್ತಕದಲ್ಲಿ ಹಬೆಯಂತ್ರದ ಕಾಲದ ಕೋಲಾರವಿದೆ. ಆ ಕಾಲದಲ್ಲಿ ಗಣಿಯ ಕೆಲಸ ಹೇಗಿತ್ತೆಂದು ತಿಳಿಯುವ ಆಸೆಯಿದ್ದರೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ರೆಕಾರ್ಡ್ಸ್‌ನ ಲೇಖನಗಳ ರುಚಿ ಬೇರೆ. ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ ಬರೆದರು. 1882ರಲ್ಲಿ ಮೈಸೂರಿನ ಚಿನ್ನದ ಪ್ರದೇಶಗಳಲ್ಲಿ ಸುತ್ತಾಡಿ ಬರೆದರು. ಆ ದಶಕ ಮುಗಿಯುವ ಮುನ್ನ ಧಾರವಾಡದ ಹೆಸರನ್ನೇ ಒಂದು ಶಿಲಾಸಮೂಹಕ್ಕೆ ಇಟ್ಟು, ದಕ್ಷಿಣ ಭಾರತದ ಚಿನ್ನದ ಮುಖ್ಯ ತವರು ಇದೇ ಎಂದು ವಾದಿಸಿದರು. ಪಲ್ಲಾವರಂನಲ್ಲಿ 1863ರಲ್ಲಿ ಶಿಲಾಯುಗದ ಕೈಗೊಡಲಿ ಹೆಕ್ಕಿದ ಫೂಟ್ ಇವರೇ. ಪ್ರಾಗಿತಿಹಾಸದವರೂ ಇವರನ್ನು ಹುಡುಕಿಕೊಂಡು ಬರುವುದರಿಂದ ಇವರ ಹೆಸರಿರುವ ಕಂತು ಸಿಕ್ಕರೆ ಬೆಲೆ ತುಸು ಮೇಲೆಯೇ. ಮ್ಯಾಲ್ಕಂ ಮೆಕ್ಲಾರೆನ್ 1906ರಲ್ಲಿ ದಕ್ಷಿಣದ ಚಿನ್ನದ ಪಟ್ಟಿಗಳ ಬಗ್ಗೆ ಬರೆದದ್ದೂ ಇದೇ ಸರಣಿಯಲ್ಲಿ. ಈ ಲೇಖನಗಳಲ್ಲಿ ಕುದುರೆ, ಗುಡಾರ, ಹಳ್ಳ, ಹಳ್ಳದಲ್ಲಿ ಮರಳು ತೊಳೆಯುವ ಜಾಲಗಾರರು ಎಲ್ಲ ಬಂದುಹೋಗುತ್ತಾರೆ. ಅಂಕಿ ಸಂಖ್ಯೆ ಕಡಿಮೆ, ಕಣ್ಣು ಜಾಸ್ತಿ.

ಇನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ. 1894ರಲ್ಲಿ ಶುರುವಾದಾಗ ಅದರ ಹೊಣೆ ಹೊತ್ತವರು ಕಲ್ಕತ್ತದ ಕೆಲಸದಿಂದ ನಿವೃತ್ತರಾಗಿದ್ದ ಇದೇ ಫೂಟ್. ಆಮೇಲೆ ಬಂದವರು ಡಬ್ಲ್ಯು. ಎಫ್. ಸ್ಮೀತ್. ಈ ಇಲಾಖೆಯೂ ರೆಕಾರ್ಡ್ಸ್ ಎಂಬ ಹೆಸರಿನ ಸಂಪುಟಗಳನ್ನು ಮತ್ತು ಬುಲೆಟಿನ್‌ಗಳನ್ನು ಹೊರತಂದಿತು. ಎರಡೂ ಕಡೆ ರೆಕಾರ್ಡ್ಸ್ ಎಂಬ ಒಂದೇ ಹೆಸರು ಇರುವುದರಿಂದ ಮಾರುವವರೂ ಕೊಳ್ಳುವವರೂ ಎಡವುತ್ತಾರೆ. ಮುಖಪುಟದಲ್ಲಿ ಇಲಾಖೆಯ ಹೆಸರು ಓದದೆ ದುಡ್ಡು ಕೊಡಬೇಡಿ.

ಇವೆರಡರಲ್ಲಿ ನನ್ನ ಓಟು ಮೈಸೂರಿಗೆ. ಹೆಸರು ದೊಡ್ಡದಿಲ್ಲ, ಕಾಗದ ಒರಟು, ಬೈಂಡು ಸಾಧಾರಣ. ಆದರೆ ಕಲ್ಕತ್ತದಿಂದ ಬಂದವರು ಒಂದು ಚಳಿಗಾಲದಲ್ಲಿ ಸುತ್ತಿ ಹೋದ ಜಾಗದಲ್ಲಿ ಇಲ್ಲಿಯವರು ತಾಲ್ಲೂಕು ತಾಲ್ಲೂಕು ಹಿಡಿದು ನಡೆದಿದ್ದಾರೆ. ಪಿ. ಸಂಪತ್ ಅಯ್ಯಂಗಾರ್, ಬಿ. ಜಯರಾಂ ಮುಂತಾದ ನಮ್ಮವರ ಹೆಸರುಗಳು ಸಿಗುವುದು ಇಲ್ಲಿ. ನೀವು ತುಮಕೂರು ಜಿಲ್ಲೆಯವರಾಗಿ ಬೆಳ್ಳಾರ, ಅಜ್ಜನಹಳ್ಳಿ ಕಡೆಯ ಚಿನ್ನದ ಪೂರ್ವಕಥೆ ಹುಡುಕುತ್ತಿದ್ದರೆ ಕಲ್ಕತ್ತದ ಗ್ರಂಥಗಳಿಗಿಂತ ಮೊದಲು ಈ ಸಂಪುಟಗಳನ್ನು ತಡಕಿ. ಒಂದೇ ಒಂದು ಪುಸ್ತಕ ಹೇಳಿ ಎಂದು ಪಟ್ಟು ಹಿಡಿದವರಿಗೆ ನಾನು ಹೇಳುವುದು 1916ರ 7ನೆಯ ಬುಲೆಟಿನ್: ಸ್ಮೀತ್ ಮತ್ತು ಸಂಪತ್ ಅಯ್ಯಂಗಾರ್ ಸೇರಿ ಮೈಸೂರಿನ ಖನಿಜ ಸಂಪತ್ತಿನ ಬಗ್ಗೆ ಬರೆದದ್ದು. ಚಿನ್ನ ಅದರಲ್ಲಿ ಒಂದು ಭಾಗ ಮಾತ್ರ, ಆದರೆ ಚಿನ್ನವನ್ನು ಕಬ್ಬಿಣ, ಮ್ಯಾಂಗನೀಸು, ಕ್ರೋಮಿನ ಪಂಕ್ತಿಯಲ್ಲಿ ಕೂರಿಸಿದಾಗ ಅದರ ತೂಕ ಬೇರೆಯೇ ಆಗಿ ಕಾಣುತ್ತದೆ.

ಕಂಪನಿಯ ವರದಿ: ಆಡಂಬರವನ್ನು ಸೋಸಿ ಓದುವುದು

ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ. ಕೋಲಾರದ ಈ ನಾಲ್ಕು ದೊಡ್ಡ ಕಂಪನಿಗಳನ್ನು ಲಂಡನ್ನಿನಿಂದ ನಡೆಸುತ್ತಿದ್ದವರು ಜಾನ್ ಟೇಲರ್ ಅಂಡ್ ಸನ್ಸ್. ಷೇರುದಾರರಿಗೆ ವರ್ಷ ವರ್ಷ ಕಳಿಸುತ್ತಿದ್ದ ವರದಿಗಳಲ್ಲಿ ಎಷ್ಟು ಟನ್ ಕುಟ್ಟಿದರು, ಎಷ್ಟು ಔನ್ಸ್ ಬಂತು, ಯಾವ ಶಾಫ್ಟು, ಅಂದರೆ ಗಣಿಗೆ ಇಳಿಯುವ ಬಾವಿ, ಎಷ್ಟು ಅಡಿ ಇಳಿಯಿತು, ಡಿವಿಡೆಂಡ್ ಎಷ್ಟು ಎಂಬುದೆಲ್ಲ ಇರುತ್ತದೆ. ಸರ್ಕಾರದ ಭೂವಿಜ್ಞಾನಿ ಹತ್ತು ವರ್ಷಕ್ಕೊಮ್ಮೆ ಬಂದು ನೋಡಿದ್ದನ್ನು ಕಂಪನಿ ವರ್ಷವೂ ಅಳೆದು ಬರೆದಿದೆ. ಗಣಿ ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಹೇಗೆ ಕೆಳಕ್ಕೆ ಇಳಿಯಿತು ಎಂದು ಹಿಂಬಾಲಿಸಬೇಕಿದ್ದರೆ ಬೇರೆ ದಾರಿಯಿಲ್ಲ.

ಆದರೆ ಇದು ಷೇರು ಮಾರಿದವರ ಬಾಯಿ. ಕಂಪನಿಯ ವರದಿಯನ್ನು ಭೂವಿಜ್ಞಾನಿಯ ವರದಿಯ ಪಕ್ಕದಲ್ಲಿಟ್ಟು ಓದದಿದ್ದರೆ ಮೋಸ ಹೋಗುತ್ತೀರಿ. ಅದರಲ್ಲೂ 1880ರ ಸುತ್ತಮುತ್ತ ಷೇರು ಕೊಳ್ಳಿರೆಂದು ಹೊರಡಿಸಿದ ಪ್ರಾಸ್ಪೆಕ್ಟಸ್‌ಗಳು. ಆಗ ವಯನಾಡಿನ ಚಿನ್ನ ಎಂದರೆ ಲಂಡನ್ನಿಗೇ ಜ್ವರ. ಬ್ರೌ ಸ್ಮಿತ್ ಅವರ 1880ರ ವಯನಾಡ್ ವರದಿ ಹೊರಬಿದ್ದ ಹೊತ್ತಿಗೆ ಕಂಪನಿಗಳು ನಾಯಿಕೊಡೆಯಂತೆ ಎದ್ದವು. ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮಣ್ಣುಪಾಲಾದವು. ಕೋಲಾರಕ್ಕೂ ಅದೇ ಗತಿ ಬರುವುದರಲ್ಲಿತ್ತು. 1880ರಲ್ಲಿ ಹುಟ್ಟಿದ ಮೈಸೂರು ಕಂಪನಿಯ ಬಂಡವಾಳ ಮೂರ್ನಾಲ್ಕು ವರ್ಷದಲ್ಲಿ ತಳ ಕಂಡಿತ್ತು. ನಮ್ಮ ಹಳಬರು ಯಾವುದೋ ಕಾಲದಲ್ಲಿ ಅಗೆದು ಬಿಟ್ಟಿದ್ದ ಗುಂಡಿಗಳ ಕೆಳಗೆ ಮತ್ತೆ ಇಳಿದಾಗ ಚಾಂಪಿಯನ್ ಲೋಡ್ ಎಂಬ ಚಿನ್ನದ ಅದಿರಿನ ಎಳೆ ಸಿಕ್ಕಿತು. ಹೀಗಾಗಿ ಆ ಲೋಡ್ ಸಿಗುವ ಮುಂಚಿನ ಕಂಪನಿ ಕಾಗದವೂ ಆಮೇಲಿನದೂ ಒಂದೇ ಊರಿನ ಬಗ್ಗೆ ಬರೆದವು ಎಂದು ನಂಬುವುದೇ ಕಷ್ಟ. ಮುಂಚಿನವು ಕಡಿಮೆ ಸಿಗುತ್ತವೆ, ಓದಲು ಹೆಚ್ಚು ಸ್ವಾರಸ್ಯ. ನನಗೆ ಆಯ್ದುಕೊಳ್ಳುವ ಭಾಗ್ಯ ಬಂದರೆ 1895ರ ಕೊಬ್ಬಿದ ವರದಿಗಿಂತ 1882ರ ಕಂಗಾಲಾದ ವರದಿಯನ್ನೇ ಎತ್ತಿಕೊಳ್ಳುತ್ತೇನೆ.

ವಯನಾಡಿನ ವರದಿಗಳನ್ನು ಕೋಲಾರದವರು ಏಕೆ ಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಗೆದ್ದ ಗಣಿಯ ವರದಿ ಓದಿ ಓದಿ, ಎಲ್ಲ ಭೂವಿಜ್ಞಾನಿಗಳೂ ಭವಿಷ್ಯ ಬಲ್ಲವರು ಎಂಬ ಭ್ರಮೆ ಹುಟ್ಟಿಬಿಡುತ್ತದೆ. ಸೋತ ಊರಿನದೊಂದು ಕಪಾಟಿನಲ್ಲಿರಲಿ. ಹಟ್ಟಿಯ ಕಡೆಯದನ್ನು ಹುಡುಕುವವರು ಒಂದು ಮಾತು ನೆನಪಿಡಿ: ಅದು ನಿಜಾಮರ ಸೀಮೆ, ಆದ್ದರಿಂದ ಅಲ್ಲಿನ ಹಳೆಯ ಕಾಗದ ಮೈಸೂರಿನ ಸಂಪುಟಗಳಲ್ಲಿ ಸಿಗುವುದಿಲ್ಲ, ಹೈದರಾಬಾದ್ ಹೆಸರಿನಲ್ಲಿ ಹುಡುಕಬೇಕು. ಗದಗಿನದು ಬೊಂಬಾಯಿ ಪ್ರಾಂತ್ಯ. ಇಂದಿನ ಕರ್ನಾಟಕದ ಭೂಪಟ ಇಟ್ಟುಕೊಂಡು ಹುಡುಕಿದರೆ ಅರ್ಧ ಸಿಗುವುದಿಲ್ಲ.

ಅಂಕಿ ಓದುವಾಗ ಇನ್ನೊಂದು ಎಚ್ಚರ. ಆ ಕಾಲದವರು ಚಿನ್ನವನ್ನು ಗ್ರಾಮಿನಲ್ಲಿ ಹೇಳಲಿಲ್ಲ, ಒಂದು ಟನ್ ಅದಿರಿಗೆ ಇಷ್ಟು ಪೆನ್ನಿವೆಯ್ಟ್ ಎಂದರು. 20 ಪೆನ್ನಿವೆಯ್ಟ್ ಸೇರಿದರೆ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ. ಟನ್ ಎಂದರೆ ಯಾವ ಟನ್ ಎಂಬುದನ್ನೂ ನೋಡಬೇಕು. 2,240 ಪೌಂಡಿನ ಟನ್ನಿಗೆ ಒಂದು ಔನ್ಸ್ ಎಂದರೆ ಇಂದಿನ ಲೆಕ್ಕದಲ್ಲಿ ಮೆಟ್ರಿಕ್ ಟನ್ನಿಗೆ ಸುಮಾರು 30.6 ಗ್ರಾಂ, 2,000 ಪೌಂಡಿನದಾದರೆ 34.3 ಗ್ರಾಂ. ಔನ್ಸ್ ಎಂದದ್ದು ಕುಲುಮೆಯಿಂದ ಬಂದ ಗಟ್ಟಿಯದೋ, ಅಪ್ಪಟ ಚಿನ್ನದ್ದೋ ಎನ್ನುವುದು ಮೂರನೆಯ ಪ್ರಶ್ನೆ. ಎರಡು ಕಂಪನಿಗಳ ಅಂಕಿಗಳನ್ನು ಹೋಲಿಸುವ ಮುನ್ನ ಈ ಮೂರನ್ನೂ ಪೆನ್ಸಿಲ್ಲಿನಲ್ಲಿ ಬೇರೆ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಬೇರೆ ಹಾಳೆಯ ಮೇಲೆ ಎಂದೆ, ವರದಿಯ ಅಂಚಿನಲ್ಲಿ ಅಲ್ಲ.

ಕಂಪನಿಯ ಷೇರುಪತ್ರಗಳೂ ಮಾರಾಟಕ್ಕೆ ಬರುತ್ತವೆ. ಅಂಚಿಗೆಲ್ಲ ಬಳ್ಳಿ ಬಿಡಿಸಿದ ಚೆಂದದ ಕಾಗದ. ಗೋಡೆಗೆ ತೂಗುಹಾಕಲು ಬೇಕಿದ್ದರೆ ಕೊಳ್ಳಿ. ಓದಲು ಅದರಲ್ಲಿ ಏನೂ ಇಲ್ಲ.

ಎಲ್ಲರೂ ಕಡೆಗಣಿಸುವ ಒಂದು ಬಗೆ ಉಳಿಯಿತು. ಮೈಸೂರು ಸಂಸ್ಥಾನದ ಗಣಿಗಳ ಮುಖ್ಯ ತನಿಖಾಧಿಕಾರಿಯ ವಾರ್ಷಿಕ ವರದಿ. ನೋಡಲು ಬೋಳು, ಕೋಷ್ಟಕಗಳೇ ಹೆಚ್ಚು. ಆದರೆ ಗಣಿಯಲ್ಲಿ ಬಂಡೆ ಬಿದ್ದು, ಶಾಫ್ಟಿಗೆ ಜಾರಿ, ಸಿಡಿಮದ್ದು ಹಾರಿ, ಆಳದಲ್ಲಿ ಬಂಡೆಯೇ ತಾನಾಗಿ ಸಿಡಿದು ಸತ್ತವರ ಲೆಕ್ಕ ಇರುವುದು ಇದರಲ್ಲಿ. ಹೀಗೆ ಸಿಡಿಯುವುದನ್ನು ಗಣಿಯವರು ಏರ್‌ಬ್ಲಾಸ್ಟ್ ಎಂದೇ ಕರೆಯುತ್ತಿದ್ದರು. ಮೇಲಿನ ಮನೆಗಳ ಪಾತ್ರೆಗಳೂ ಅಲುಗುತ್ತಿದ್ದವು ಎಂದು ಆ ಕಡೆಯ ಹಿರಿಯರು ಯಾರನ್ನು ಕೇಳಿದರೂ ಹೇಳುತ್ತಾರೆ. ಷೇರುದಾರರ ವರದಿಯಲ್ಲಿ ಒಂದು ಸಾಲಿನಲ್ಲಿ ಹಾದುಹೋಗುವ ಸಂಗತಿ ಇಲ್ಲಿ ಪುಟಗಟ್ಟಲೆ. ಬೆಲೆ ಅಷ್ಟಾಗಿ ಇಲ್ಲ. ಸಿಕ್ಕಿದರೆ ಬಿಡಬೇಡಿ.

ಇಡೀ ಸಂಪುಟ, ಬಿಡಿ ಕಂತು, ಕಿತ್ತ ಲೇಖನ

ಕಲ್ಕತ್ತದ ರೆಕಾರ್ಡ್ಸ್ ಕಂತುಗಳಲ್ಲಿ ಬಂದದ್ದರಿಂದ ಒಂದೇ ಲೇಖನ ಮೂರು ರೂಪದಲ್ಲಿ ಮಾರಾಟಕ್ಕೆ ಸಿಗುತ್ತದೆ. ಇಡೀ ವರ್ಷದ್ದನ್ನು ಕಟ್ಟಿದ ಸಂಪುಟ. ತೆಳು ಕಾಗದದ ಹೊದಿಕೆಯೊಂದಿಗೆ ಅಚ್ಚುಮನೆಯಿಂದ ಬಂದಂತೆಯೇ ಉಳಿದ ಬಿಡಿ ಕಂತು. ಸಂಪುಟವನ್ನು ಬಿಚ್ಚಿ ಹರಿದು ತೆಗೆದ ಲೇಖನ. ಸಂಪುಟ ಗಟ್ಟಿ, ಆದರೆ ನಿಮಗೆ ಬೇಕಾದ ಇಪ್ಪತ್ತು ಪುಟಕ್ಕಾಗಿ ಬರ್ಮಾದ ಎಣ್ಣೆಯನ್ನೂ ಹಿಮಾಲಯದ ಪಳೆಯುಳಿಕೆಯನ್ನೂ ಹೊತ್ತುಕೊಂಡು ಬರಬೇಕು. ಬಿಡಿ ಕಂತು ಎಲ್ಲಕ್ಕಿಂತ ಅಪರೂಪ, ಹೊದಿಕೆ ಉಳಿದಿದ್ದರೆ ನೋಡಲು ಹಬ್ಬ. ಆದರೆ ಮುಟ್ಟಿದರೆ ಪುಡಿ. ಕಿತ್ತ ಲೇಖನ ಅಗ್ಗ. ಕಿತ್ತದ್ದನ್ನು ಕೊಂಡರೆ ಇನ್ನಷ್ಟು ಸಂಪುಟಗಳನ್ನು ಕೀಳಲು ಹುಮ್ಮಸ್ಸು ಕೊಟ್ಟಂತೆ ಎಂದು ಕೆಲವರು ಮುಟ್ಟುವುದೇ ಇಲ್ಲ. ನಾನು ಅಷ್ಟು ಮಡಿವಂತನಲ್ಲ, ಎರಡು ಕೊಂಡಿದ್ದೇನೆ. ಮಾರಿದವನ ಬಳಿ ಸಂಪುಟವೇ ಗೆದ್ದಲು ತಿಂದು ಬೆನ್ನು ಮುರಿದಿತ್ತು. ಚೆನ್ನಾಗಿರುವ ಸಂಪುಟವನ್ನು ಕಿತ್ತುಕೊಡುತ್ತೇನೆ ಎಂದವನನ್ನು ಮಾತ್ರ ಬೈದು ಬಂದಿದ್ದೇನೆ.

ಯಾವ ರೂಪವಾದರೂ ಒಂದು ಪರೀಕ್ಷೆ ತಪ್ಪಿಸಬೇಡಿ. ಪುಸ್ತಕದ ಮುಂದಿನ ಪಟ್ಟಿಯಲ್ಲಿ ಎಷ್ಟು ಪ್ಲೇಟುಗಳೆಂದು, ಅಂದರೆ ಚಿತ್ರ, ನಕ್ಷೆಗಳ ಬೇರೆ ಹಾಳೆಗಳೆಂದು, ಹೇಳಿದೆಯೋ ಅಷ್ಟನ್ನೂ ಬೆರಳಿಟ್ಟು ಎಣಿಸಿ. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಒಂದು ಸಲ ದೂರದ ವ್ಯಾಪಾರಿಯೊಬ್ಬ 'ಸಂಪೂರ್ಣ' ಎಂದು ಬರೆದು ಕಳಿಸಿದ ಸಂಪುಟ ಮನೆಗೆ ಬಂತು. ಬೈಂಡು ಭದ್ರ, ಪುಟಗಳು ಬೆಳ್ಳಗೆ, ಒಂದು ಹುಳದ ತೂತೂ ಇಲ್ಲ. ಖುಷಿಯಿಂದ ಹಿಂದಿನ ಭಾಗ ತಿರುಗಿಸಿದೆ. ನಕ್ಷೆ ಇರಬೇಕಾದ ಕಡೆ ಬೆರಳಗಲದ ಮೂರು ಪಟ್ಟಿಗಳು ಹೊಲಿಗೆಯ ಬುಡದಿಂದ ಹೊರಗೆ ಇಣುಕುತ್ತಿದ್ದವು. ಬ್ಲೇಡಿನಿಂದ ನೇರವಾಗಿ ಕೊಯ್ದದ್ದು. ಒಂದು ಪಟ್ಟಿಯ ಮೇಲೆ ಚೌಕಟ್ಟಿನ ಗೆರೆಯೂ ನಸುಗೆಂಪು ಬಣ್ಣದ ಚೂರೂ ಉಳಿದಿದ್ದವು. ಆ ಮೂರು ನಕ್ಷೆಗಳು ಈಗ ಯಾರದೋ ಹಜಾರದಲ್ಲಿ ಗಾಜಿನ ಹಿಂದೆ ಇರಬೇಕು. ಓದುವ ಮಾತೆಲ್ಲ ನನ್ನ ಬಳಿ ಉಳಿಯಿತು, ಆ ಮಾತು ಯಾವ ನೆಲದ ಬಗ್ಗೆ ಎನ್ನುವುದು ಹೊರಟುಹೋಯಿತು. ಅಂದಿನಿಂದ ಕೊಳ್ಳುವ ಮುನ್ನ ಮೊಬೈಲಿನಲ್ಲಿ ನಕ್ಷೆಗಳ ಚಿತ್ರ ಕೇಳುತ್ತೇನೆ, ಮಡಿಸಿದ್ದಲ್ಲ, ಪೂರ್ತಿ ಬಿಡಿಸಿದ್ದು.

ಕಾಗದವೋ, ಪರದೆಯೋ

ಹೆಚ್ಚಿನ ಹಳೆಯ ಸಂಪುಟಗಳು ಈಗ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಹಾಗಿರುವಾಗ ಕೊಳ್ಳುವುದು ಏತಕ್ಕೆ? ನ್ಯಾಯವಾದ ಪ್ರಶ್ನೆ. ಓದುವುದಷ್ಟೇ ಉದ್ದೇಶವಾದರೆ ಕೊಳ್ಳಬೇಡಿ. ಸ್ಕ್ಯಾನ್ ಪ್ರತಿಯಲ್ಲಿ ಪದ ಹುಡುಕಬಹುದು, ಅದು ಕಾಗದಕ್ಕಿಲ್ಲದ ಭಾಗ್ಯ. ಹುಡುಕುವಾಗ ಇಂದಿನ ಹೆಸರು ನೆಚ್ಚಬೇಡಿ. ಕೋಲಾರವನ್ನು ತೀರಾ ಹಳಬರು ಇಂಗ್ಲಿಷಿನ ಸಿ ಅಕ್ಷರದಿಂದ ಬರೆದರು. ಉರಿಗಾಂ ಒಂದು ಕಡೆ ವೂರಿಗಂ, ಇನ್ನೊಂದು ಕಡೆ ಊರೆಗಂ, ಮತ್ತೊಂದು ಕಡೆ ಊರ್ಗಾಂ. ನಮ್ಮ ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. ನಾಲ್ಕೈದು ಬಗೆಯಲ್ಲಿ ಹಾಕಿ ನೋಡಿದರೆ ಒಂದಾದರೂ ಬಲೆಗೆ ಬೀಳುತ್ತದೆ.

ಸ್ಕ್ಯಾನ್ ಸೋಲುವುದು ನಕ್ಷೆಯ ಹತ್ತಿರ. ಸಾವಿರಾರು ಪುಸ್ತಕಗಳನ್ನು ಒಂದೇ ಉಸಿರಿನಲ್ಲಿ ಸ್ಕ್ಯಾನ್ ಮಾಡುವವರಿಗೆ ಮಡಿಸಿದ ಹಾಳೆ ಬಿಡಿಸುವ ಪುರುಸೊತ್ತಿಲ್ಲ. ಮಡಿಕೆಯ ಬೆನ್ನನ್ನೇ ತೆಗೆದು, ಮುಂದಿನ ಪುಟಕ್ಕೆ ಹೋಗಿಬಿಡುತ್ತಾರೆ. ಬಿಡಿಸಿದ ಕಡೆಯೂ ಬಣ್ಣ ಹೋಗಿ ಕಪ್ಪು ಬಿಳುಪಾಗಿರುತ್ತದೆ. ಹಾರ್ನ್‌ಬ್ಲೆಂಡ್ ಶಿಸ್ಟ್ ಎಂಬ ಕಪ್ಪು ಕಲ್ಲಿಗೆ ಹಚ್ಚಿದ ಬಣ್ಣವೂ ಗ್ರಾನೈಟಿಗೆ ಹಚ್ಚಿದ ಬಣ್ಣವೂ ಒಂದೇ ಬೂದಿ. ಕೋಲಾರದ ಭೂವಿಜ್ಞಾನದ ಇಡೀ ಗುಟ್ಟು ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ, ಅಗಲ ನಾಲ್ಕಾರು ಕಿಲೋಮೀಟರ್ ಮಾತ್ರವಿರುವ ಆ ಶಿಸ್ಟಿನ ಪಟ್ಟಿಯಲ್ಲಿದೆ. ಸುತ್ತ ಗ್ರಾನೈಟು, ನಡುವೆ ಒಂದು ಕಪ್ಪು ಲಂಗೋಟಿ, ಅದರೊಳಗೆ ಪಶ್ಚಿಮಕ್ಕೆ ವಾಲಿಕೊಂಡು ಇಳಿಯುವ ಬೆಣಚುಕಲ್ಲಿನ ಎಳೆ. ಬಣ್ಣವಿಲ್ಲದ ನಕ್ಷೆಯಲ್ಲಿ ಇದು ಕಾಣುವುದೇ ಇಲ್ಲ.

ಈಚೆಗೆ ಸ್ಕ್ಯಾನನ್ನೇ ಅಚ್ಚು ಹಾಕಿ ಹೊಳೆಯುವ ರಟ್ಟಿನಲ್ಲಿ ಮಾರುವ ಮರುಮುದ್ರಣಗಳು ಬಂದಿವೆ. ಇದರಲ್ಲಿ ಸ್ಕ್ಯಾನಿನ ಕೊರತೆಗಳೆಲ್ಲ ಇವೆ, ಕಾಗದದ ಗುಣ ಒಂದೂ ಇಲ್ಲ. ಪರದೆ ನೋಡಲಾಗದ ಕಣ್ಣಿನವರಿಗೆ ಸರಿ. ಉಳಿದವರು ಆ ದುಡ್ಡಿನಲ್ಲಿ ಬೆಂಗಳೂರಿಗೆ ಹೋಗಿಬರುವುದು ಲೇಸು: ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿರುವ ಗಣಿ ಮತ್ತು ಭೂವಿಜ್ಞಾನ ಇಲಾಖೆಯೇ ಆ ಹಳೆಯ ಮೈಸೂರು ಇಲಾಖೆಯ ವಾರಸುದಾರ. ಮೂಲ ಪ್ರತಿ ನೋಡಲು ಅನುಮತಿ ಕೇಳಿಕೊಂಡು ಹೋಗಿ, ಒಮ್ಮೆ ನಕ್ಷೆ ಬಿಡಿಸಿ ನೋಡಿ, ಆಮೇಲೆ ಕೊಳ್ಳಬೇಕೋ ಬೇಡವೋ ತೀರ್ಮಾನಿಸಿ.

ಎಲ್ಲಿ ಕೊಳ್ಳುವುದು

ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಗೆಜೆಟಿಯರ್ ಸಿಕ್ಕೀತು, ಭೂವಿಜ್ಞಾನ ವರದಿ ಸಿಗುವುದು ಅದೃಷ್ಟವಿದ್ದ ದಿನ. ಸಿಕ್ಕರೆ ಚೌಕಾಸಿಗೆ ಜಾಗವಿರುತ್ತದೆ, ಕೈಯಲ್ಲಿ ಹಿಡಿದು ಪ್ಲೇಟು ಎಣಿಸಬಹುದು. ಲಂಡನ್ನಿನ ವ್ಯಾಪಾರಿಗಳ ಬಳಿ ಕಂಪನಿ ವರದಿಗಳು ಹೆಚ್ಚು, ಅವು ಹುಟ್ಟಿದ್ದೇ ಅಲ್ಲಿ. ವಿವರಣೆ ಚೊಕ್ಕಟ, ಬೆಲೆ ಬಿಗಿ, ಅಂಚೆಯ ಖರ್ಚು ಕೆಲವೊಮ್ಮೆ ಪುಸ್ತಕದ ಬೆಲೆಯನ್ನೇ ಮೀರುತ್ತದೆ. ಮೂರನೆಯದು ನಮ್ಮ ಕಡೆಯ ಗುಜರಿ ಅಂಗಡಿ. ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳಲ್ಲಿ ಕಾಗದ ತೂಕಕ್ಕೆ ಹೋದದ್ದುಂಟು. ನನಗೂ ಅಲ್ಲೊಂದು ಕಟ್ಟು ಸಿಕ್ಕಿತು, ತಕ್ಕಡಿಯಲ್ಲಿ ಹಳೆಯ ಕ್ಯಾಲೆಂಡರುಗಳ ಜೊತೆ ಕೂತಿತ್ತು.

ಈ ಮೂರನೆಯದರಲ್ಲಿ ಅಗ್ಗದ ಖುಷಿಯ ಜೊತೆಗೇ ಒಂದು ತೊಡಕಿದೆ. ಅಚ್ಚಾದ ವರದಿಯಾದರೆ ಚಿಂತೆಯಿಲ್ಲ. ಕೈಬರಹದ ದಾಖಲೆ, ಗಣಿಯ ಅಸಲಿ ನಕಾಶೆ, ಗ್ರಂಥಾಲಯದ ಮೊಹರು ಇದ್ದು ವಿಲೇವಾರಿಯ ಮೊಹರು ಇಲ್ಲದ ಪುಸ್ತಕ, ಇವುಗಳ ಬಗ್ಗೆ ಎರಡು ಸಲ ಯೋಚಿಸಿ. ಯಾರಿಂದ, ಯಾವತ್ತು, ಎಷ್ಟಕ್ಕೆ ಕೊಂಡಿರಿ ಎನ್ನುವುದಕ್ಕೆ ಚೀಟಿ ಇರಲಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ವೈಜ್ಞಾನಿಕ ಅಥವಾ ಐತಿಹಾಸಿಕ ಮೌಲ್ಯವಿರುವ 75 ವರ್ಷಕ್ಕಿಂತ ಹಳೆಯ ಹಸ್ತಪ್ರತಿ, ದಾಖಲೆಗಳು ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಅಂಥದ್ದನ್ನು ಅಮೆರಿಕದ ಭಾವಮೈದುನನಿಗೆ ಉಡುಗೊರೆಯೆಂದು ಹಾಗೇ ಕಳಿಸುವಂತಿಲ್ಲ.

ತಂದ ಮೇಲೆ ಕಾಪಾಡುವುದು ಬಹಳ ದೊಡ್ಡ ವಿದ್ಯೆಯಲ್ಲ. ಹರಿದ ಮಡಿಕೆಗೆ ಸೆಲೋಟೇಪ್ ಅಂಟಿಸಬೇಡಿ, ಹತ್ತು ವರ್ಷದಲ್ಲಿ ಅದು ಕಂದು ಗೋಂದಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ತುಕ್ಕು ಹಿಡಿದ ಪಿನ್ನು ಕಂಡರೆ ಮೊದಲು ಅದನ್ನು ತೆಗೆಯಿರಿ. ಗೋಡೆಗೆ ತಾಗದಂತೆ ಕಬ್ಬಿಣದ ಬೀರು, ಮಳೆಗಾಲ ಮುಗಿದ ಮೇಲೆ ಒಂದು ದಿನ ನೆರಳಿನಲ್ಲಿ ಗಾಳಿ. ಸಾಕು.

ಹಾಗಾದರೆ ಯಾರಿಗೆ ಯಾವುದು

ಅಜ್ಜನೋ ಅಪ್ಪನೋ ಗಣಿಗೆ ಇಳಿದವರು ಎನ್ನುವ ಮನೆಯವರು ಮೊದಲು ತನಿಖಾಧಿಕಾರಿಯ ವರದಿ ಹಿಡಿಯಿರಿ, ಆಮೇಲೆ ಅವರು ದುಡಿದ ಕಂಪನಿಯ ವರದಿ, ಅವರು ದುಡಿದ ವರ್ಷಗಳದ್ದು ಮಾತ್ರ. ಭೂವಿಜ್ಞಾನದ ವಿದ್ಯಾರ್ಥಿಗಳು ಎಲ್ಲವನ್ನೂ ಪರದೆಯಲ್ಲಿ ಓದಿ, ಮೈಸೂರು ಇಲಾಖೆಯ ಒಂದು ಸಂಪುಟವನ್ನು ಬಣ್ಣದ ನಕ್ಷೆ ಸಮೇತ ಕೊಳ್ಳಿ. ಆ ವಿದ್ಯಾರ್ಥಿಗಳಿಗೆ ಇನ್ನೊಂದು ಹೆಸರು: ಟಿ. ಪ್ರಯರ್ ಮತ್ತು ಸಂಗಡಿಗರು 1923ರ ಹೊತ್ತಿಗೆ ಕೋಲಾರದ ನೆಲದೊಳಗಿನ ಭೂವಿಜ್ಞಾನದ ಬಗ್ಗೆ ಲಂಡನ್ನಿನ ಗಣಿ ಮತ್ತು ಲೋಹಶಾಸ್ತ್ರ ಸಂಸ್ಥೆಯ ಸಂಪುಟದಲ್ಲಿ ಬರೆದದ್ದು. ಮೇಲಿನಿಂದ ನೋಡಿ ಬರೆದವರ ನಡುವೆ ಒಳಗಿನಿಂದ ನೋಡಿ ಬರೆದ ಬರಹ ಅದು. ಕೈಯಲ್ಲಿ ಧಾರಾಳ ದುಡ್ಡಿದ್ದು, ಕಪಾಟು ತುಂಬಬೇಕು ಎನ್ನುವವರಿಗೆ ಹ್ಯಾಚ್, ಫೂಟ್ ಎರಡೂ ಇವೆ. ಅವರಿಗೆ ನನ್ನ ಸಲಹೆ ಬೇಕಿರುವುದಿಲ್ಲ, ಪ್ಲೇಟು ಎಣಿಸಿದರೆ ಸಾಕು.

ಆ ಗುಜರಿಯ ಕಟ್ಟಿನಲ್ಲಿ ನನಗೆ ಸಿಕ್ಕಿದ್ದು ಹರಕು ಕಂಪನಿ ವರದಿಯೊಂದು, ಹಿಂದೆ ಮಡಿಸಿಟ್ಟ ಉದ್ದುದ್ದದ ಸೀಳುನೋಟ. ಗಣಿಯನ್ನು ಹಲಸಿನ ಹಣ್ಣು ಸೀಳಿದಂತೆ ನಿಲುವಾಗಿ ಸೀಳಿ ತೋರಿಸುವ ನಕ್ಷೆ: ಮೇಲೆ ಶಾಫ್ಟುಗಳ ಬಾಯಿ, ಕೆಳಗೆ ಏಣಿಯ ಮೆಟ್ಟಿಲಿನಂತೆ ಲೆವೆಲ್‌ಗಳು, ಅದಿರು ತೆಗೆದ ಜಾಗಕ್ಕೆಲ್ಲ ಬಣ್ಣ. ಇದನ್ನು ತೋರಿಸೋಣವೆಂದು ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿಯ ಸರ್ವೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರ ಮನೆಗೆ ಒಯ್ದೆ. ಹಾಳೆ ಅವರ ಊಟದ ಮೇಜಿಗಿಂತ ಉದ್ದವಾಯಿತು. ಒಂದು ತುದಿಗೆ ಎಲೆಯಡಿಕೆ ತಟ್ಟೆ, ಇನ್ನೊಂದು ತುದಿಗೆ ಅವರ ಕನ್ನಡಕದ ಡಬ್ಬಿ ಇಟ್ಟು ಹಿಡಿಸಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಬಣ್ಣ ಹಚ್ಚದೆ ಬಿಟ್ಟ ಒಂದು ಚೌಕದ ಮೇಲೆ ಬೆರಳಿಟ್ಟರು.

"ಇದನ್ನು ಇವರು ತೆಗೆಯಲಿಲ್ಲ ನೋಡಿ ಮೇಷ್ಟ್ರೇ. ಆಧಾರಕ್ಕೆಂದು ಬಿಟ್ಟದ್ದು. ನಮ್ಮ ಕಾಲದಲ್ಲಿ ಇಲ್ಲಿಯೇ ಬಂಡೆ ಸಿಡಿಯುತ್ತಿತ್ತು."

"ವರದಿಯಲ್ಲಿ ಅದರ ಮಾತೇ ಇಲ್ಲವಲ್ಲ ಅಣ್ಣಾ."

"ವರದಿ ಬರೆದಾಗ ಇನ್ನೂ ಸಿಡಿದಿರಲಿಲ್ಲವಲ್ಲ," ಎಂದು ನಕ್ಕರು. ಆಮೇಲೆ ಬೆರಳನ್ನು ಹಾಳೆಯ ಕೆಳಗಿನ ಅಂಚಿಗೆ ತಂದು, ಅಂಚು ದಾಟಿಸಿ, ಬರಿಯ ಮೇಜಿನ ಮೇಲೆ ಇನ್ನೂ ಒಂದು ಗೇಣು ಕೆಳಕ್ಕೆ ಎಳೆದು ತೋರಿಸಿದರು. ಅವರು ಅಳತೆ ಹಿಡಿದದ್ದು ಅಲ್ಲಿ. ನಕ್ಷೆಯನ್ನು ಅವತ್ತು ವಾಪಸು ತರಲಿಲ್ಲ. ಮುಂದಿನ ಭಾನುವಾರದವರೆಗೆ ಮೇಜಿನ ಮೇಲೆಯೇ ಇರಲಿ, ಊಟ ಕೆಳಗೆ ಕೂತು ಮಾಡುತ್ತೇವೆ ಎಂದರು ಅವರ ಮನೆಯವರು.